ಭಾವನ ಕಾವಲಿನಲ್ಲಿ ಒಂದು ಸೈಲೆನ್ಸರ್

ಕೈಕೆಲಸ ಬಾರದವರಿಗಾಗಿಯೇ ದೇವರು ಕಚೇರಿಗಳನ್ನು ಸೃಷ್ಟಿಸಿದ್ದಾನೆ ಎಂಬುದು ನನ್ನ ದೃಢ ನಂಬಿಕೆ. ಇಪ್ಪತ್ತಾರು ವರ್ಷಗಳಿಂದ ಕಡತಗಳ ನಡುವೆ ಕೂತಿರುವ ನನಗೆ ಪೆನ್ನಿಗಿಂತ ಭಾರದ ವಸ್ತು ಕೊಟ್ಟರೆ ಏನಾಗುತ್ತದೆಂದು ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಬೀದಿಗೆಲ್ಲ ಗೊತ್ತು. ಒಮ್ಮೆ ಅಡುಗೆಮನೆಯ ನಲ್ಲಿಗೆ ವಾಷರ್ ಹಾಕಲು ಹೋಗಿ, ಮೂರು ದಿನ ಮನೆಮಂದಿಯೆಲ್ಲ ಪಕ್ಕದ ಮನೆಯಲ್ಲಿ ಸ್ನಾನ ಮಾಡುವಂತೆ ಮಾಡಿದ್ದೆ. ಅಂಥ ನಾನು ಕಾರಿನ ಸೈಲೆನ್ಸರ್ ಬದಲಿಸಿದೆ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ. ಅವಳು ನಂಬದ ನನ್ನ ಮಾತುಗಳ ಪಟ್ಟಿ ದೊಡ್ಡದು. ಇದನ್ನೂ ಅದಕ್ಕೆ ಸೇರಿಸಿಕೊಂಡಿದ್ದಾಳೆ.

ಇದಕ್ಕೆಲ್ಲ ಕಾರಣ ಭಾವ, ನನ್ನ ಅಕ್ಕನ ಗಂಡ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು, ಭದ್ರಾವತಿಯ ನ್ಯೂ ಟೌನಿನಲ್ಲಿ ವಾಸ. ನಲವತ್ತು ವರ್ಷ ಸೇದಿದ ಬೀಡಿ ಈಗ ಅವರ ಎದೆಯಲ್ಲಿ ಮನೆ ಮಾಡಿಕೊಂಡಿದೆ. ತಿಂಗಳಿಗೆರಡು ಶನಿವಾರ ಅವರನ್ನು ಶಿವಮೊಗ್ಗದ ಡಾಕ್ಟರ ಬಳಿ ಕರೆತರುವುದು ನನ್ನ ಪಾಲಿನ ಕೆಲಸ. ನನ್ನ ಹಳೆಯ ಕಾರಿನ ಸೈಲೆನ್ಸರ್ ತುಕ್ಕು ತಿಂದು ಒಡೆದಿತ್ತು. ಊರಿಗೆಲ್ಲ ಕೇಳುವ ಗದ್ದಲ, ಜೊತೆಗೆ ಹೊಗೆ ಕಾರಿನೊಳಕ್ಕೇ ಬರುತ್ತಿತ್ತು. ಭಾವ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡು, “ಇನ್ನು ಬಸ್ಸಲ್ಲಿ ಹೋಗ್ತೀನಿ” ಎಂದರು. ಬಸ್ಸಿನ ಮೆಟ್ಟಿಲು ಹತ್ತುವಷ್ಟು ಉಸಿರು ಅವರಲ್ಲಿರಲಿಲ್ಲ.

“ಗ್ಯಾರೇಜಿಗೆ ಕೊಡ್ತೀನಿ ಭಾವ” ಎಂದೆ.

“ನಾಲ್ಕು ನಟ್ಟಿನ ಕೆಲಸಕ್ಕೆ ಗ್ಯಾರೇಜಾ? ಇಲ್ಲಿಗೆ ತಾ. ನಾನು ಕೂತು ಹೇಳ್ತೀನಿ, ನೀನು ಮಾಡು.”

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: “ಹೂಂ ಅನ್ನು ಮಾರಾಯ. ಎರಡು ತಿಂಗಳಿಂದ ಅವರಿಗೆ ಯಾವುದೂ ಬೇಡ ಆಗಿತ್ತು. ಊಟಾನೂ.” ಹೂಂ ಎಂದೆ. ಹೊಸ ಸೈಲೆನ್ಸರ್ ಕೊಟ್ಟ ಅಂಗಡಿಯವರು, “ಫಿಟ್ ಮಾಡೋರು ಯಾರು ಸಾರ್?” ಎಂದು ಕೇಳಿದರು. ನಾನೇ ಎಂದೆ. ನನ್ನ ಕೈಗಳನ್ನೊಮ್ಮೆ ನೋಡಿ, “ಹಳೇದನ್ನ ಬಿಸಾಕ್ಬೇಡಿ, ಬೇಕಾಗ್ಬೋದು” ಎಂದರು.

ಭಾನುವಾರ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಭದ್ರಾವತಿ ಮುಟ್ಟಿದೆ. ಭಾವ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕಾದಿದ್ದರು. “ಒಳಗೆ ಹೋಗಿ ಕಾಫಿ ಕುಡಿ, ತಿಂಡಿ ತಿನ್ನು” ಎಂದರು. ಉಪಚಾರ ಎಂದುಕೊಂಡೆ, ಆದರೆ ಬಿಸಿ ಪೈಪು ಆರಲಿ, ಇವನು ಕೈ ಸುಟ್ಟುಕೊಳ್ಳದಿರಲಿ ಎಂಬುದು ಅವರ ಲೆಕ್ಕ. ಆಮೇಲೆ ಚಕ್ರಗಳಿಗೆ ಕಲ್ಲು ಕೊಡಿಸಿದರು. ಜಾಕ್ ಏರಿಸಿ ಉತ್ಸಾಹದಿಂದ ಕೆಳಗೆ ನುಸುಳಲು ಹೋದೆ. “ಜಾಕ್ ಇರೋದು ಎತ್ತೋಕೆ, ಹೊರೋಕಲ್ಲ” ಎಂದು ಎರಡು ಕಬ್ಬಿಣದ ಸ್ಟ್ಯಾಂಡ್ ಇಡಿಸಿ, ಕಾರನ್ನು ಅಲುಗಿಸಿ ನೋಡೆಂದರು. ಕಣ್ಣಿಗೆ ತುಕ್ಕು ಉದುರದಿರಲೆಂದು ತಮ್ಮ ಹಳೆಯ ಕನ್ನಡಕವನ್ನು ನನ್ನ ಮೂಗಿಗೇರಿಸಿದರು. ಮತ್ತೆ ನುಸುಳುವಷ್ಟರಲ್ಲಿ, “ಕೀ ಎಲ್ಲಿ?” ಎಂದರು.

“ಕಾರಲ್ಲೇ ಇದೆ ಭಾವ.”

ಅವರು ನನ್ನನ್ನು ನೋಡಿದ ನೋಟಕ್ಕೆ ಇಪ್ಪತ್ತಾರು ವರ್ಷದ ಸರ್ವೀಸು ನಾಚಿಕೊಂಡಿತು. “ಮಿಷಿನ್ ಕೆಳಗೆ ಹೋಗೋನ ಜೇಬಲ್ಲೇ ಕೀ ಇರ್ಬೇಕು. ಹೆಂಡ್ತಿ ಕೈಗೂ ಕೊಡ್ಬಾರ್ದು. ನಮ್ಮ ಕಾರ್ಖಾನೇಲಿ ಇದನ್ನ ಮರೆತೋನು ಆವತ್ತು ಕೆಲಸಾನೇ ಮುಟ್ಟೋ ಹಾಗಿರ್ಲಿಲ್ಲ.” ಕೀ ಜೇಬಿಗೆ ಹಾಕಿಕೊಂಡೆ.

ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ಕಾಯಬೇಕಾಯಿತು. ಜನರಿಗೆ ನಾಳೆ ಬನ್ನಿ ಎನ್ನುವ ನನ್ನನ್ನು ಒಂದು ಜುಜುಬಿ ನಟ್ಟು ಮೂರು ಸಲ ಕಾಯಿಸಿತು. ಅಂತೂ ಹಳೆಯದು ಕಳಚಿ ಬಿತ್ತು. ಪೈಪಿನ ಸಂದಿಯಲ್ಲಿ ಹೊಗೆ ಸೋರದಂತೆ ಹೊಸ ಪ್ಯಾಕಿಂಗ್ ಕೂರಿಸಿ, ರಬ್ಬರ್ ಕೊಂಡಿಗಳಿಗೆ ಸೋಪುನೀರು ಸವರಿ ಸಿಕ್ಕಿಸಿ, ಎಲ್ಲ ನಟ್ಟುಗಳನ್ನು ಬಿಗಿದು, ಕಾರನ್ನು ಇಳಿಸಿದೆ. ಬಯಲಿಗೆ ಒಯ್ದು ಸ್ಟಾರ್ಟ್ ಮಾಡಿದಾಗ ಎಲ್ಲೂ ಹೊಗೆ ಸೋರಲಿಲ್ಲ. ಭಾವ ಜಗಲಿಯಿಂದಲೇ ಕಿವಿಗೊಟ್ಟು, “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿಲ್ಲ. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರೆಂದು ಅಕ್ಕ ಫೋನಿನಲ್ಲಿ ಹೇಳಿದಳು.

ಮುಂದಿನ ಶನಿವಾರ ಭಾವನನ್ನು ಕೂರಿಸಿಕೊಂಡು ಹೊರಟೆ. ಹೊಗೆಯಿಲ್ಲ, ಗದ್ದಲವಿಲ್ಲ, ನನಗೆ ನನ್ನ ಮೇಲೇ ಗೌರವ ಬಂದಿತ್ತು. ಭದ್ರಾವತಿ ದಾಟುತ್ತಿದ್ದಂತೆ ಭಾವ, “ನಿಲ್ಸು” ಎಂದರು. “ಎಲ್ಲೋ ಲೀಕ್ ಇದೆ. ಸಣ್ಣಗೆ ಸೀಟಿ ಹೊಡೀತಿದೆ. ಎಂಜಿನ್ ಆಫ್ ಮಾಡಿ ನೋಡು.”

ನನಗೂ ಕೇಳಿಸುತ್ತಿತ್ತು. ಎಂಜಿನ್ ಓಡುತ್ತಿರುವಂತೆಯೇ ಇಳಿದು ಬಗ್ಗಿ ನೋಡಿದೆ. ಕಾರಿನ ಕೆಳಗೆ ಸೀಟಿಯ ಸದ್ದೇ ಇರಲಿಲ್ಲ. ಸೀಟಿ ಬರುತ್ತಿದ್ದುದು ಕಾರಿನೊಳಗಿಂದ, ಭಾವನ ಎದೆಯಿಂದ. ಹಳೆಯ ಸೈಲೆನ್ಸರಿನ ಅಬ್ಬರದಲ್ಲಿ ಅದು ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ. ಎಂಜಿನ್ ಆರಿಸಿದರೆ ಸದ್ದು ನಿಲ್ಲುವುದಿಲ್ಲ, ಅವರಿಗೆ ಗೊತ್ತಾಗಿಬಿಡುತ್ತದೆ. ನಾನು ಆರಿಸಲಿಲ್ಲ. ಹಾಗೇ ಬಂದು ಸೀಟಿನಲ್ಲಿ ಕೂತೆ.

“ಹೌದು ಭಾವ, ನಂದೇ ತಪ್ಪು. ಪ್ಯಾಕಿಂಗ್ ಓರೆ ಕೂರ್ಸಿದೀನಿ” ಎಂದೆ.

“ನಂಗೊತ್ತಿತ್ತು” ಎಂದರು ಭಾವ, ಬಹಳ ತೃಪ್ತಿಯಿಂದ. “ನಾಳೆ ತಾ, ಬಿಚ್ಚಿ ನೋಡೋಣ.”

ಇದುವರೆಗೆ ನಾಲ್ಕು ಭಾನುವಾರ ಬಿಚ್ಚಿ ನೋಡಿದ್ದೇವೆ. ಯಾವ ದೋಷವೂ ಇಲ್ಲದ ಸೈಲೆನ್ಸರನ್ನು ಕಳಚಿ ಜೋಡಿಸುವುದರಲ್ಲಿ ನಾನೀಗ ಪಳಗಿದ್ದೇನೆ. “ನಿನ್ನ ತಮ್ಮನಿಗೆ ಈ ಜನ್ಮದಲ್ಲಿ ನಟ್ ಬಿಗಿಯೋಕೆ ಬರಲ್ಲ” ಎಂದು ಭಾವ ಪ್ರತಿ ವಾರ ಅಕ್ಕನಿಗೆ ದೂರು ಹೇಳುತ್ತಾರೆ. ಬರುವುದಿಲ್ಲವೆಂದು ನಾನೂ ಒಪ್ಪಿಕೊಂಡು, ಮುಂದಿನ ಭಾನುವಾರಕ್ಕೆ ಹೊಸ ಪ್ಯಾಕಿಂಗ್ ತಂದಿಟ್ಟಿದ್ದೇನೆ.