ಗುರ್ಕಾರರ ಕಾರಿನ ಹೀಟರ್

ಕುವೈಟಿನಲ್ಲಿ ಓಡಾಡುವ ಕಾರಿಗೆ ಹೀಟರ್ ಎಂಬ ಅಂಗವೂ ಇರುತ್ತದೆ ಎನ್ನುವುದು ಜೆರೋಮನಿಗೆ ಪ್ರತಿವರ್ಷ ಜನವರಿಯಲ್ಲಿ ಮಾತ್ರ ನೆನಪಾಗುತ್ತಿತ್ತು. ಅದೂ ತಾನಾಗಿ ಅಲ್ಲ, ಹೆಂಡತಿ ಫ್ರೀಡಾ ನೆನಪಿಸಿದಾಗ. ಉಳಿದ ತಿಂಗಳುಗಳಲ್ಲಿ ಏಸಿಯ ಆರೋಗ್ಯ ವಿಚಾರಿಸುವುದರಲ್ಲೇ ಅವನ ಆಯುಷ್ಯ ಕಳೆಯುತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಫ್ರೀಡಾಳ ಮಟ್ಟಿಗೆ ಚಳಿ ಎಂದರೆ ಫ್ಯಾನನ್ನು ಮೂರರಿಂದ ಎರಡಕ್ಕೆ ಇಳಿಸುವುದು. ಅಂಥವಳು ಈಗ ಮರಳುಗಾಡಿನ ಗಾಳಿಯಲ್ಲಿ, ಬೆಳಗಿನ ಡ್ಯೂಟಿಗೆ, ಹೀಟರ್ ಕೆಟ್ಟ ಕಾರಿನಲ್ಲಿ ಹೋಗಬೇಕಾಗಿತ್ತು.

“ನಿನ್ನ ಕಾರಲ್ಲಿ ಕೂತ್ರೆ ನಾನು ಆಸ್ಪತ್ರೆಗೆ ನರ್ಸ್ ಆಗಿ ಹೋಗುದಾ, ಪೇಶೆಂಟ್ ಆಗಿ ಹೋಗುದಾ ಅಂತ ಗೊತ್ತಾಗುದಿಲ್ಲ ಮಾರಾಯ” ಎಂದಳು ಫ್ರೀಡಾ. “ಈ ವಾರ ಮಾತೆ ಬೇರೆ ನಮ್ಮನೆಗೆ ಬರ್ತಾಳೆ. ಅವಳನ್ನೂ ಇದೇ ಐಸ್ ಬಾಕ್ಸಲ್ಲಿ ತರುದಾ?”

ಮಾತೆ ಎಂದರೆ ಲೂರ್ದ್ ಮಾತೆಯ, ಅಂದರೆ ಮರಿಯಮ್ಮನ ಪ್ರತಿಮೆ. ಅಬ್ಬಾಸಿಯಾದ ಕೊಂಕಣಿ ಕುಟುಂಬಗಳ ಪ್ರಾರ್ಥನಾ ಕೂಟದಲ್ಲಿ ಈ ಪ್ರತಿಮೆ ವಾರಕ್ಕೊಂದು ಮನೆಯಂತೆ ಸುತ್ತುತ್ತದೆ. ಗುರುವಾರ ಒಂದು ಮನೆಯವರು ಮತ್ತೊಂದು ಮನೆಯಿಂದ ಅವಳನ್ನು ಕರೆತರಬೇಕು, ಶುಕ್ರವಾರ ಸಂಜೆ ಎಲ್ಲರೂ ಆ ಮನೆಯಲ್ಲಿ ಸೇರಿ ಜಪಸರ ಹೇಳಬೇಕು. ಈ ಕೂಟಕ್ಕೆ ಗುರ್ಕಾರ, ಅಂದರೆ ಮುಖಂಡ, ಸಾಕ್ಷಾತ್ ಜೆರೋಮ್. (ಮನೆಯಲ್ಲಿ ಯಾರೂ ಅವನ ಮಾತು ಕೇಳದ ಕಾರಣ ಅವನು ಈ ಹುದ್ದೆಗೆ ನಿಂತದ್ದು ಎಂದು ಫ್ರೀಡಾ ಹೇಳುವುದುಂಟು.) ಎರಡು ಸಲ ತಮ್ಮ ಮನೆಯ ಸರದಿ ಬಂದಾಗಲೂ ಗುರ್ಕಾರರು ದೊಡ್ಡ ಮನಸ್ಸು ಮಾಡಿ ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ದೊಡ್ಡ ಮನಸ್ಸು ಅವನದು, ನಿರಾಸೆ ಫ್ರೀಡಾಳದು. ಈ ಸಲ ತಪ್ಪಿದರೆ ತಾನು ತವರಿಗೆ ಟಿಕೆಟ್ ಮಾಡಿಸುವುದಾಗಿ ಅವಳು ಹೇಳಿದ್ದಳು. ತಮಾಷೆಗೆ ಹೇಳಿದ ಹಾಗೆ ಕಾಣಿಸಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನವೆಂಬರಿನಲ್ಲಿ ಐರಿನ್ ಆಂಟಿಯ ಮಗ ಮಾತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿ ಶವರ್ಮಾ ತಿಂದಿದ್ದ. ಗುರ್ಕಾರ ಜೆರೋಮ್ ಅವತ್ತು ಇಡೀ ಕೂಟದ ಮುಂದೆ ಗುಡುಗಿದ. “ಮಾತೆಯನ್ನು ಗಾಡಿಯಲ್ಲಿ ಒಬ್ಬಳನ್ನೇ ಬಿಟ್ಟು ಹೋದವರು ಮುಂದಿನ ಮನೆಗೆ ಅವಳನ್ನು ಕೈಯಲ್ಲಿ ಹೊತ್ತುಕೊಂಡು ನಡೆದೇ ಹೋಗಬೇಕು. ನಿಯಮ ಅಂದ್ರೆ ನಿಯಮ!” ಎಂದು ಘೋಷಿಸಿದ. ಪಾಪ, ಆ ಹುಡುಗ ಹೊತ್ತುಕೊಂಡು ನಡೆದ. ಐರಿನ್ ಆಂಟಿ ಅವತ್ತು ಒಂದು ಮಾತೂ ಆಡಲಿಲ್ಲ. ಇಪ್ಪತ್ತು ವರ್ಷ ಹೆಡ್ ನರ್ಸ್ ಆಗಿದ್ದವರು ಮಾತಾಡದೆ ಸುಮ್ಮನಾದರೆ ಅದಕ್ಕೆ ಹೆದರಬೇಕು. ಜೆರೋಮ್ ಹೆದರಲಿಲ್ಲ.

ಗುರುವಾರ ಸಂಜೆ ಅವನು ಐರಿನ್ ಆಂಟಿಯ ಮನೆಗೆ ಹೋಗಿ ಮಾತೆಯನ್ನು ಪಡೆದುಕೊಂಡ. ಪ್ರತಿಮೆಯಿದ್ದ ಮರದ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು, ನೀಲಿ ಬಟ್ಟೆ ಹೊದಿಸಿ, ಬೆಲ್ಟ್ ಹಾಕಿದ. ಅಷ್ಟರಲ್ಲಿ ಶುವೈಖ್‌ನ ಗ್ಯಾರೇಜಿನಿಂದ ಮೆಕ್ಯಾನಿಕ್ ಅಲಿಕುಂಞಿಯ ಫೋನ್ ಬಂತು. ಅವನು ಕರಾವಳಿಯ ಬ್ಯಾರಿ ಮುಸ್ಲಿಮ, ಕ್ರೈಸ್ತರೆಲ್ಲ ಅವನ ಬಾಯಲ್ಲಿ ‘ಪೊರ್ಬು’ಗಳು.

“ಪೊರ್ಬುಗಳೇ, ಹೀಟರ್ ಮಾಡಿಸುದಾದ್ರೆ ಈಗ್ಲೇ ಬನ್ನಿ. ನಾಳೆ ಶುಕ್ರವಾರ, ಶಟರ್ ಬಂದ್.”

ಮಾತೆಯ ಪಕ್ಕದಲ್ಲೇ ಕೂತು ಕೆಲಸ ಮುಗಿಸಿಕೊಂಡು ಬರುವುದೆಂದು ಜೆರೋಮ್ ಲೆಕ್ಕ ಹಾಕಿದ. ಆದರೆ ಗ್ಯಾರೇಜಿನಲ್ಲಿ ಅಲಿಕುಂಞಿ ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ, ಹೊರಗೆ ತೆಗೆದು, “ಒಂದು ಪಾರ್ಟ್ ರಾತ್ರಿಗೆ ಬರ್ತದೆ. ಗಾಡಿ ಬಿಟ್ಟು ಹೋಗಿ. ನಾಳೆ ಸಂಜೆಯೊಳಗೆ ನಾನೇ ನಿಮ್ಮ ಮನೆಗೆ ತಂದು ಬಿಡ್ತೇನೆ, ಇನ್ಶಾ ಅಲ್ಲಾ” ಎಂದ. ಹೊರಗೆ ಗಾಳಿ ಮೂಗಿನ ತುದಿಯನ್ನೇ ಕಿತ್ತುಕೊಂಡು ಹೋಗುವಂತಿತ್ತು. ಅಬ್ಬಾಸಿಯಾ ಕಡೆ ಹೊರಟ ಟ್ಯಾಕ್ಸಿಯೊಂದು ಹಾರ್ನ್ ಹಾಕಿತು. ಜೆರೋಮ್ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿ ಹತ್ತಿದ.

ಮನೆಯ ಬಾಗಿಲು ತೆರೆದಾಗ ಫ್ರೀಡಾ ಸ್ನಾನ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನಿಂತಿದ್ದಳು. ಆ ಖಾಲಿ ಕೈಗಳನ್ನು ನೋಡಿದ ಮೇಲೆಯೇ ಜೆರೋಮನಿಗೆ ತನ್ನ ಕೈಗಳೂ ಖಾಲಿ ಎನ್ನುವುದು ಹೊಳೆದದ್ದು. 

“ಮಾತೆ ಎಲ್ಲಿ?”

ನಿಜ ಹೇಳುವುದಕ್ಕೆ ಒಂದು ಕ್ಷಣ ಸಮಯವಿತ್ತು. ಆ ಒಂದು ಕ್ಷಣವನ್ನು ಜೆರೋಮ್ ಕೆಮ್ಮುವುದಕ್ಕೆ ಉಪಯೋಗಿಸಿದ. ಆಮೇಲೆ, “ಐರಿನ್ ಆಂಟಿ ಇವತ್ತು ಕೊಡ್ಲಿಲ್ಲ. ಏನೋ ಹರಕೆ ಉಂಟಂತೆ. ನಾಳೆ ಕೊಡ್ತಾರಂತೆ” ಎಂದ.

“ಕೊಡ್ಲಿಲ್ಲವಾ? ನಮ್ಮ ಸರದಿಗೇ ಅವರಿಗೆ ಹರಕೆ ಬಂತಾ?” ಫ್ರೀಡಾ ಫೋನ್ ಎತ್ತಿಕೊಂಡಳು. “ಈಗ್ಲೇ ಕೇಳ್ತೇನೆ.”

“ಬೇಡ ಫ್ರೀಡಾ! ಹರಕೆ ವಿಷಯ ಗುಟ್ಟಿನದ್ದು. ಕೇಳಿದ್ರೆ ಫಲ ಹೋಗ್ತದೆ.”

ಫ್ರೀಡಾ ಫೋನ್ ಕೆಳಗಿಟ್ಟಳು. ಆದರೆ ಅವಳ ಕಣ್ಣಿನಲ್ಲಿ ನೀರಿತ್ತು. ಹಾಲಿನ ಮೂಲೆಯಲ್ಲಿ ಅವಳು ಸಿದ್ಧ ಮಾಡಿದ್ದ ಪೀಠದ ಮೇಲೆ ತನ್ನ ಮದುವೆಯ ಸೀರೆಯನ್ನೇ ಮಡಿಸಿ ಹಾಸಿದ್ದಳು.  ಅದನ್ನು ಕಂಡ ಜೆರೋಮ್ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಅಲಿಕುಂಞಿಗೆ ಫೋನ್ ಮಾಡಿದ. ಸ್ವಿಚ್ ಆಫ್. ವಾರದ ರಜೆಗೆ ಗಿರಾಕಿಗಳು ಬೆನ್ನು ಹತ್ತಬಾರದೆಂದು ಅಲಿಕುಂಞಿ ಶಟರಿನ ಜೊತೆಗೇ ಫೋನನ್ನೂ ಮುಚ್ಚುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ. ಪಾದ್ರಿಗಳು ಏನು ಪ್ರಸಂಗ ಹೇಳಿದರೋ ಜೆರೋಮನಿಗೆ ತಿಳಿಯದು. ಐರಿನ್ ಆಂಟಿ ಎಡಗಡೆಯ ಎರಡನೇ ಬೆಂಚಿನಲ್ಲಿದ್ದರು, ಫ್ರೀಡಾ ಬಲಗಡೆ. ಪೂಜೆ ಮುಗಿದ ಮೇಲೆ ಇವರಿಬ್ಬರೂ ಅಂಗಳದಲ್ಲಿ ಎದುರಾಗದಂತೆ ನೋಡಿಕೊಳ್ಳುವುದೇ ಅವನ ಪ್ರಾರ್ಥನೆಯಾಗಿತ್ತು. ಮುಗಿದದ್ದೇ ತಡ, ಹೆಂಡತಿಯ ರಟ್ಟೆ ಹಿಡಿದು ಎಳೆದುಕೊಂಡು ಹೊರಟ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಗುರ್ಕಾರ್ರೇ! ಮಾತೆ ಮನೆ ಸೇರಿದ ಫೋಟೋ ಗ್ರೂಪಿಗೆ ಹಾಕ್ಲೇ ಇಲ್ಲ?”

ಫ್ರೀಡಾ ಸರ್ರನೆ ತಿರುಗಿದಳು. ತಾನೇ ಪ್ರತಿಮೆ ಹಿಡಿದಿಟ್ಟುಕೊಂಡು ಫೋಟೋ ಬೇರೆ ಕೇಳುವ ಈ ಹೆಂಗಸಿನ ಧೈರ್ಯ ನೋಡು ಎಂದು ಅವಳ ಮುಖದಲ್ಲಿ ಬರೆದಿತ್ತು. ಜೆರೋಮ್ ನಡುವೆ ಗೋಡೆಯಾಗಿ ನಿಂತು, “ನೆಟ್ ಸ್ಲೋ ಆಂಟಿ, ನೆಟ್ ಸ್ಲೋ! ಫ್ರೀಡಾಳಿಗೆ ಚಳಿ, ನಾವು ಹೋಗ್ತೇವೆ” ಎಂದು ಅವಳನ್ನು ಅಕ್ಷರಶಃ ನೂಕಿಕೊಂಡು ರಸ್ತೆ ದಾಟಿಸಿದ.

“ಎಂತಹ ಹೆಂಗಸು ಸಾಯ್ಬಾ, ದೇವರೇ!” ಎಂದು ಫ್ರೀಡಾ ಹಲ್ಲು ಕಡಿದಳು. “ಇವತ್ತು ಸಂಜೆ ಬರ್ಲಿ. ಎಲ್ಲರ ಮುಂದೆ ಕೇಳ್ತೇನೆ.”

ಚಳಿಯಲ್ಲೂ ಜೆರೋಮನ ಬೆನ್ನು ಬೆವರಿತು. ‘ಮಾತೆಯನ್ನು ಕರೆತರುತ್ತೇನೆ’ ಎಂದು ಹೇಳಿ ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಶುವೈಖ್‌ಗೆ ಹೋದ. ಶಟರ್ ಇಳಿದಿತ್ತು. ಪಕ್ಕದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಕಾವಲುಗಾರ ಹೇಳಿದ: “ಅಲಿ ಭಾಯಿ? ಸುಬಹ್ ಹೀ ಮುತ್ಲಾ ಗಯಾ. ಆಪ್ ಕಾ ಗಾಡಿ ಲೇಕೆ. ಬೋಲಾ, ಹೀಟರ್ ಟೆಸ್ಟಿಂಗ್.”

ಅಲಿಕುಂಞಿ ಬೆಳಿಗ್ಗೆಯೇ ಕಾರಿನ ಸಮೇತ ಹೋಗಿದ್ದ ಮುತ್ಲಾ ಎಂದರೆ ಉತ್ತರದ ಮರಳುಗಾಡು. ಚಳಿಗಾಲದಲ್ಲಿ ಜನ ಅಲ್ಲಿ ಟೆಂಟ್ ಹಾಕಿಕೊಂಡು ಕುರಿ ಸುಟ್ಟು ತಿನ್ನುತ್ತಾರೆ. ಲೂರ್ದ್ ಮಾತೆ ಪಿಕ್‌ನಿಕ್ಕಿಗೆ ಹೋಗಿದ್ದಳು.  ಸಂಜೆ ಮನೆ ತುಂಬ ಜನ ಬರುತ್ತಾರೆ. ಪೀಠದ ಮೇಲೆ ಮದುವೆ ಸೀರೆ ಇದೆ, ಮಾತೆ ಇಲ್ಲ. ಫ್ರೀಡಾ ಟಿಕೆಟ್ ಮಾಡಿಸುತ್ತಾಳೆ.

ಆ ಘಳಿಗೆಯಲ್ಲಿ ಅವನ ತಲೆಯಲ್ಲಿ ಮಿಂಚಿದ್ದು ಕೆಳಗಿನ ಮಹಡಿಯ ಶ್ಯಾಮಸುಂದರನ ಶೋಕೇಸು. ಉಡುಪಿ ಕಡೆಯ ಶ್ಯಾಮಸುಂದರ್ ಇಲ್ಲಿ ಹೋಟೆಲ್ ಮ್ಯಾನೇಜರ್. ವೀಸಾ ಆದರೆ ಬರುತ್ತೇನೆಂದು ವೇಳಾಂಕಣಿ ಮಾತೆಗೆ ಹರಕೆ ಹೇಳಿಕೊಂಡಿದ್ದವನು, ವೀಸಾ ಆದ ಮೇಲೆ ಹೋಗಿ ಬಂದು, ಅಲ್ಲಿಂದ ಒಂದು ಪ್ರತಿಮೆಯನ್ನೂ ತಂದಿದ್ದ. ಎತ್ತರ ಸುಮಾರಾಗಿ ಅಷ್ಟೇ. ಆದರೆ ಲೂರ್ದ್ ಮಾತೆ ಬಿಳಿ ಉಡುಗೆಯಲ್ಲಿ ಕೈಮುಗಿದು ನಿಂತವಳು. ವೇಳಾಂಕಣಿ ಮಾತೆಗೆ ಜರಿ ಸೀರೆ, ತಲೆಗೆ ಕಿರೀಟ, ಕೈಯಲ್ಲಿ ಮಗು.

“ಅದಕ್ಕೆಂತ ಜೆರೋಮಣ್ಣ, ಕೊಂಡೋಗಿ” ಎಂದ ಶ್ಯಾಮಸುಂದರ್. “ಆದ್ರೆ ಅಮ್ಮನನ್ನು ಒಬ್ಬಳನ್ನೇ ಕಳಿಸುದಿಲ್ಲ. ನಾನೂ ಬರ್ತೇನೆ.”

“ಒಂದು ಶಾಲು ಉಂಟಾ?” ಎಂದ ಜೆರೋಮ್.

ಕಿರೀಟದಿಂದ ಪಾದದವರೆಗೆ, ಮಗುವನ್ನೂ ಸೇರಿಸಿ, ಮಾತೆ ಕಂದು ಉಣ್ಣೆಯ ಶಾಲಿನೊಳಗೆ ಅಡಗಿದಳು. ಮೂಗು, ಕಣ್ಣು, ಬಾಯಿ ಮಾತ್ರ ಹೊರಗೆ. ಫ್ರೀಡಾ ಅಡುಗೆಮನೆಯಿಂದ ಓಡಿಬಂದಳು. (ಚಹಾದ ಜೊತೆ ಒಂದೇ ತಿಂಡಿ ಎಂಬುದೂ ಗುರ್ಕಾರರ ನಿಯಮವೇ. ಫ್ರೀಡಾಳ ಪ್ರಕಾರ ಸನ್ನಾ ಒಂದು ತಿಂಡಿ, ಅದರ ಜೊತೆಗಿನ ಕೋಳಿ ಸಾರು, ಪತ್ರೊಡೆ, ಕೇಕು ಇವೆಲ್ಲ ನೆಂಚಿಕೊಳ್ಳುವುದಕ್ಕೆ.)

“ಇದೆಂತ ಶಾಲು?”

“ಐರಿನ್ ಆಂಟಿ ಹೊದಿಸಿದ್ದು. ಚಳಿ ಅಲ್ವಾ? ಪ್ರಾರ್ಥನೆ ಮುಗಿಯುವವರೆಗೆ ತೆಗೀಬಾರ್ದಂತೆ. ಹರಕೆ.”

“ನನ್ನ ಮನೆಯ ಮಾತೆಗೆ ಅವರ ಹಳೇ ಶಾಲು!” ಫ್ರೀಡಾಳ ಕೈ ಶಾಲಿನ ಅಂಚಿನವರೆಗೆ ಹೋಯಿತು.  ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕೈ ಹಿಂದೆ ಸರಿಯಿತು.

ಸಂಜೆ ಮನೆ ತುಂಬಿತು. ಹಾಲಿನಲ್ಲಿ ಎರಡು ಎಲೆಕ್ಟ್ರಿಕ್ ಹೀಟರ್, ಅಷ್ಟೂ ಜನರ ಉಸಿರು, ಹತ್ತಾರು ಮೇಣದ ಬತ್ತಿ. ಮೊದಲನೇ ಸಾಲಿನಲ್ಲಿ ಐರಿನ್ ಆಂಟಿ, ಅವರ ಪಕ್ಕದಲ್ಲೇ ತನ್ನ ಅಮ್ಮನನ್ನು ಕಾಯುತ್ತ ಶ್ಯಾಮಸುಂದರ್. ಜಪಸರದಲ್ಲಿ ಐದು ಭಾಗ, ಒಂದೊಂದಕ್ಕೂ ‘ರಹಸ್ಯ’ ಎಂದು ಹೆಸರು. ಜೆರೋಮ್ ಮೊದಲ ರಹಸ್ಯವನ್ನು ಎಷ್ಟು ವೇಗವಾಗಿ ಹೇಳಿಸಿದನೆಂದರೆ ಜನ ‘ಆಮೆನ್’ ಹೇಳುವಷ್ಟರಲ್ಲಿ ಅವನು ಮುಂದಿನ ‘ನಮೋ ಮರಿಯ’ದ ಅರ್ಧದಲ್ಲಿರುತ್ತಿದ್ದ. ಐರಿನ್ ಆಂಟಿ ಪ್ರಾರ್ಥನೆ ಹೇಳುತ್ತಲೇ ಪೀಠದತ್ತ ಬಗ್ಗಿ ಬಗ್ಗಿ ನೋಡುತ್ತಿದ್ದರು. ಎರಡನೆಯ ರಹಸ್ಯ ಮುಗಿದ ಕೂಡಲೇ ಅವರು ಕೈ ಎತ್ತಿದರು.

“ಗುರ್ಕಾರ್ರೇ, ಇಲ್ಲಿ ಇಷ್ಟು ಸೆಕೆ ಉಂಟು. ಮಾತೆಗೆ ಯಾಕೆ ಶಾಲು?”

ಬೆಳಗಿನಿಂದ ತಡೆದುಕೊಂಡಿದ್ದ ಫ್ರೀಡಾ ಇನ್ನು ತಡೆಯಲಿಲ್ಲ. “ಹೊದಿಸಿದವರು ನೀವು, ಕೇಳುವವರೂ ನೀವಾ ಆಂಟಿ?”

“ನಾನಾ? ನಿನ್ನೆ ಸಂಜೆ ನಿನ್ನ ಗಂಡನ ಕೈಗೆ ಕೊಡುವಾಗ ಶಾಲೂ ಇರ್ಲಿಲ್ಲ, ಎಂತದೂ ಇರ್ಲಿಲ್ಲ.”

“ನಿನ್ನೆಯಾ?” ಎಂದಳು ಫ್ರೀಡಾ.

“ನಿನ್ನೆಯೇ.”

ಇಬ್ಬರೂ ಒಟ್ಟಿಗೆ ಜೆರೋಮನತ್ತ ತಿರುಗಿದರು. ಅವನು ಜಪಸರದ ಮಣಿ ಹಿಡಿದುಕೊಂಡು ಮೂರನೆಯ ರಹಸ್ಯವನ್ನು ಆರಂಭಿಸಲು ಬಾಯಿ ತೆರೆದ.  ಐರಿನ್ ಆಂಟಿ ಎದ್ದು, ಹೆಡ್ ನರ್ಸ್ ಬ್ಯಾಂಡೇಜ್ ಬಿಚ್ಚುವ ಹಾಗೆ, ಶಾಲನ್ನು ಬಿಚ್ಚಿದರು. ಕಿರೀಟ ಕಂಡಿತು. ಜರಿ ಸೀರೆ ಕಂಡಿತು. ಆಮೇಲೆ ಮಗು ಕಂಡಿತು.

“ಒಂದೇ ರಾತ್ರಿಯಲ್ಲಿ ಮಗು?” ಎಂದರು ಐರಿನ್ ಆಂಟಿ.

“ಅದು ನಮ್ಮಮ್ಮ” ಎಂದ ಶ್ಯಾಮಸುಂದರ್, ಹೆಮ್ಮೆಯಿಂದ.

ಅಷ್ಟರಲ್ಲಿ ಬಾಗಿಲ ಗಂಟೆಯ ಸದ್ದಾಯಿತು. ಯಾರೋ ತೆರೆದರು. ತಲೆಗೆ ಮಫ್ಲರ್ ಸುತ್ತಿದ್ದ ಅಲಿಕುಂಞಿ, ಎರಡೂ ಕೈಗಳಲ್ಲಿ ನೀಲಿ ಬಟ್ಟೆ ಹೊದಿಸಿದ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದ.

“ಪೊರ್ಬುಗಳೇ, ಹೀಟರ್ ಫಸ್ಟ್ ಕ್ಲಾಸ್! ಆದ್ರೆ ನೀವೆಂತ ಜನ? ಮರಿಯಮ್ಮನನ್ನು ಹಿಂದಿನ ಸೀಟಲ್ಲಿ ಬೆಲ್ಟ್ ಹಾಕಿ ಕೂರಿಸಿ ಮರ್ತು ಹೋಗುದಾ? ನಾನು ಮುತ್ಲಾ ಮುಟ್ಟಿದ ಮೇಲೆ ನೋಡಿದ್ದು. ದೋಸ್ತಿಗಳೆಲ್ಲ ಟೆಂಟಲ್ಲಿ ಕಬಾಬ್ ತಿಂದ್ರು. ನಾನು ಇವ್ರನ್ನ ಒಬ್ರನ್ನೇ ಬಿಟ್ಟು ಹೋಗುದು ಹೇಗೆ? ಇಡೀ ದಿನ ಹೀಟರ್ ಹಾಕಿ ಕಾರಲ್ಲೇ ಕೂತೆ. ಪೆಟ್ರೋಲ್ ಖಲಾಸ್.”

 ಐರಿನ್ ಆಂಟಿ ನವೆಂಬರಿನಿಂದ ಕಾಪಾಡಿಕೊಂಡು ಬಂದಿದ್ದ ಮಾತನ್ನು ಈಗ ನಿಧಾನವಾಗಿ ಹೊರಗೆ ತೆಗೆದರು.

“ನಮ್ಮ ಗುರ್ಕಾರ್ರ ನಿಯಮ ಬ್ಯಾರಿಗಳು ಪಾಲಿಸಿದ್ರು. ಶ್ಯಾಮಸುಂದರ್ ಪಾಲಿಸಿದ್ರು. ಗುರ್ಕಾರ್ರು?”

ಎಲ್ಲರೂ ಫ್ರೀಡಾಳನ್ನು ನೋಡಿದರು. ಜೆರೋಮನೂ ನೋಡಿದ, ನಾಯಿಮರಿಯ ಕಣ್ಣಿನಿಂದ. ಅವಳು ಅತ್ತುಬಿಡುತ್ತಾಳೆ ಎಂದು ಅವನಿಗೆ ಭಯವಿತ್ತು. ಅತ್ತರೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಆದರೆ ಫ್ರೀಡಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲಿಗೆ ಹೋಗಿ, ಎರಡೂ ಕೈ ಚಾಚಿ ಪೆಟ್ಟಿಗೆಯನ್ನು ತೆಗೆದುಕೊಂಡಳು. ಮದುವೆಯ ಸೀರೆಯ ಮೇಲೆ ವೇಳಾಂಕಣಿ ಮಾತೆಯನ್ನು ಒಂದು ಚೂರು ಪಕ್ಕಕ್ಕೆ ಸರಿಸಿ ಲೂರ್ದ್ ಮಾತೆಯನ್ನು ಕೂರಿಸಿದಳು. ನಂತರ ಐರಿನ್ ಆಂಟಿಯ ಕೈ ಹಿಡಿದು, “ಆಂಟಿ, ಇವನ ಮಾತು ನಂಬಿ ನಿಮ್ಮನ್ನು ನಿನ್ನೆಯಿಂದ ಬೈತಾ ಇದ್ದೆ. ತಪ್ಪಾಯ್ತು” ಎಂದಳು.

“ಹೋಗ್ಲಿ ಬಿಡು ಮಗಳೇ” ಎಂದರು ಆಂಟಿ, ಪೀಠ ನೋಡುತ್ತ. “ನಮ್ಮನೆಗೆ ಬಂದದ್ದು ಒಬ್ಬಳು. ನಿನ್ನ ಮನೆಗೆ ಇಬ್ಬರು ಬಂದ್ರು.”

ಫ್ರೀಡಾಳ ಮುಖ ಅರಳಿದ್ದನ್ನು ಜೆರೋಮ್ ಕಂಡ. ಗಂಡಾಂತರ ಕಳೆಯಿತೆಂದು ಅವನು ಉಸಿರು ಬಿಡುವಷ್ಟರಲ್ಲಿ ಅವಳು ಅವನತ್ತ ತಿರುಗಿದಳು.

“ಮೂರನೇ ರಹಸ್ಯ ಹೇಳು. ಉಳಿದದ್ದು ಮುಂದಿನ ಗುರುವಾರ. ನಿಯಮ ಅಂದ್ರೆ ನಿಯಮ.”

ಮುಂದಿನ ಗುರುವಾರ ಆ ವರ್ಷದ ಅತಿ ಕೆಟ್ಟ ಗಾಳಿ ಬೀಸಿತು. ಮುಂದಿನ ಮನೆ ಅಬ್ಬಾಸಿಯಾದ ಇನ್ನೊಂದು ತುದಿಯಲ್ಲಿತ್ತು. ನೀಲಿ ಬಟ್ಟೆ ಹೊದಿಸಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಗುರ್ಕಾರ ಜೆರೋಮ್ ಮರಳಿನ ಪಕ್ಕದ ರಸ್ತೆಯಲ್ಲಿ ನಡೆಯುತ್ತಿದ್ದ. ಅಂಗಡಿಯೊಂದರ ಬಾಗಿಲಲ್ಲಿ ನಿಂತವನೊಬ್ಬ “ಭಾಯಿ, ಡೆಲಿವರಿ ಕಿಧರ್ ಕಾ?” ಎಂದು ಕೇಳಿದ. ಜೆರೋಮನ ಮೂಗಿನಿಂದ ನೀರಿಳಿಯುತ್ತಿತ್ತು, ಒರೆಸಲು ಕೈ ಖಾಲಿ ಇರಲಿಲ್ಲ. ಶಾಲನ್ನು ಶ್ಯಾಮಸುಂದರ್ ವಾಪಸು ತೆಗೆದುಕೊಂಡಿದ್ದ.

ಅವನ ಹಿಂದೆಯೇ ಅವನದೇ ಕಾರು ಮೆಲ್ಲಗೆ ಬರುತ್ತಿತ್ತು. ಸ್ಟಿಯರಿಂಗಿನಲ್ಲಿ ಅಲಿಕುಂಞಿ, ಹಿಂದಿನ ಸೀಟಿನಲ್ಲಿ ಫ್ರೀಡಾ ಮತ್ತು ಐರಿನ್ ಆಂಟಿ, ಇಬ್ಬರ ನಡುವೆ ಕೇಕಿನ ಡಬ್ಬಿ. ಗಾಜು ಎರಡು ಬೆರಳಿನಷ್ಟು ಕೆಳಗಿಳಿಯಿತು.

“ಜೆರಿ” ಎಂದಳು ಫ್ರೀಡಾ, “ಸ್ವಲ್ಪ ಬೇಗ ನಡಿ ಮಾರಾಯ. ಒಳಗೆ ಸೆಕೆ ತಡೀಲಿಕ್ಕೆ ಆಗುದಿಲ್ಲ.”