ತೊಂಬತ್ತು ಸೆಕೆಂಡಿನ ರಾಕ್

ಮಗಳ ಜಿಮ್ನಾಸ್ಟಿಕ್ಸ್‌ಗೆ ಸಂಗೀತ ಆರಿಸುವ ಕೆಲಸವನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ. ಆದರೆ ಬುಝೌ ಊರಿನ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕ್ಲೋರಿನ್ ಅಳೆದವನು ಒಂದು ಲೆಕ್ಕ ಎದುರಿಗೆ ಬಂದರೆ ಸುಮ್ಮನೆ ಕೂರಲಾರ.

ಲೆಕ್ಕ ಹೀಗಿತ್ತು. ನೆಲದ ಮೇಲಿನ ಪ್ರದರ್ಶನದ (ಜಿಗಿತ, ಪಲ್ಟಿ, ನಡುನಡುವೆ ಕುಣಿತ) ಸಂಗೀತ ತೊಂಬತ್ತು ಸೆಕೆಂಡು ಮೀರಬಾರದು. ಅದರಲ್ಲಿ ಮಾತಿರಬಾರದು. ಇದ್ದರೆ ಪೂರ್ತಿ ಒಂದು ಅಂಕ ಹೋಗುತ್ತದೆ. ಹೋದ ವರ್ಷ ಪ್ರಾಂತೀಯ ಸ್ಪರ್ಧೆಯಲ್ಲಿ ಮಗಳು ಓಟಿಲಿಯಾ ಮೆಲುವಾದ ಪಿಯಾನೋಗೆ ಕುಣಿದು ಒಂಬತ್ತನೆಯವಳಾದಳು. ಈ ಸಲ ಮೊದಲ ನಾಲ್ವರಿಗೆ ರಾಷ್ಟ್ರೀಯ ಸ್ಪರ್ಧೆಗೆ ದಾರಿ. ಹದಿಮೂರರ ಹುಡುಗಿ, ಆರು ವರ್ಷದಿಂದ ಅಂಗೈ ಚರ್ಮ ಸುಲಿಸಿಕೊಂಡಿರುವುದು ಅದೊಂದಕ್ಕಾಗಿ.

"ಜೋರಾಗಿರೋ ರಾಕ್ ಬೇಕು," ಎಂದರು ಅವಳ ಕೋಚ್ ಸಾಂಡಾ ಮೇಡಂ. "ಕೂತವರೂ ಎದ್ದು ನಿಲ್ಬೇಕು."

ನಾನು ನಲವತ್ತಮೂರು ತುಣುಕು ಕೇಳಿ ಕೋಷ್ಟಕ ಬರೆದೆ: ನಿಮಿಷಕ್ಕೆ ಎಷ್ಟು ಬಡಿತ, ಗಿಟಾರಿನ ಆರ್ಭಟ ಎಷ್ಟನೇ ಸೆಕೆಂಡಿಗೆ, ಕೇಳಿದ ಮೇಲೆ ನನ್ನ ನಾಡಿ ಎಷ್ಟು.

"ನಿಮ್ಮ ನಾಡಿ ಯಾಕ್ರೀ? ಪಲ್ಟಿ ಹೊಡೆಯೋರು ನೀವಾ?" ಎಂದಳು ಹೆಂಡತಿ ವಿಯೊರಿಕಾ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಮಲಿಗ ತಿರುವುತ್ತ.

"ಅದು ಹೋಲಿಕೆಗೆ ಕಣೆ."

"ಹೋಲಿಸಿದ್ದು ಸಾಕು. ಮೇಲಿನ ಮನೆ ಅಜ್ಜಿ ಗಲಾಟೆ ತಾಳ್ದೆ ಆಗ್ಲಿಂದ ಹೀಟರ್ ಪೈಪು ಕುಟ್ತಿದ್ದಾರೆ. ನಿಮ್ಮ ಪಟ್ಟೀಲಿರೋದಕ್ಕಿಂತ ಆ ತಾಳವೇ ಚೆನ್ನಾಗಿದೆ."

ಕೋಷ್ಟಕದಲ್ಲಿ ಮೊದಲ ಸ್ಥಾನ ಬಂದದ್ದು, ಆಕಸ್ಮಿಕವಾಗಿ, ಕಾಲೇಜಿನಲ್ಲಿ ನಾನು ಡ್ರಮ್ ಬಾರಿಸುತ್ತಿದ್ದ ತಂಡದ ಒಂದು ತುಣುಕಿಗೆ. (ಲೆಕ್ಕವನ್ನು ಎರಡು ಸಲ ಮಾಡಿದೆ. ಪಕ್ಷಪಾತವೇನಾದರೂ ಇದ್ದರೆ ಅದು ನಾಡಿಯದು.) ಹಾಡಿಲ್ಲ, ಬರೀ ವಾದ್ಯ. ಹಳೆಯ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಎಂಬತ್ತಾರು ಸೆಕೆಂಡಿಗೆ ತಂದೆ.

"ಇದನ್ನ ಬಾರಿಸಿದ್ದು ನೀನಾ ಅಪ್ಪ? ನಿಜವಾಗ್ಲೂ ನೀನೇನಾ?" ಎಂದು ಓಟಿಲಿಯಾ ಮೂರು ಸಲ ಕೇಳಿದಳು. ಅವಳ ಕಾಲು ಮಾತ್ರ ಆಗಲೇ ತಾಳ ಹಾಕುತ್ತಿತ್ತು. ಮೇಡಂ ಕೂಡ ಒಪ್ಪಿದರು. ಮೂರು ವಾರ ಅಭ್ಯಾಸ ನಡೆಯಿತು.

ಅಲ್ಲಿಗೆ ನಾನು ಕೈ ಕಟ್ಟಿ ಕೂತಿದ್ದರೆ ಆಗುತ್ತಿತ್ತು. ಸ್ಪರ್ಧೆಯ ಹಿಂದಿನ ಸಂಜೆ ಸ್ಟಾಪ್‌ವಾಚ್ ಹಿಡಿದು ಅಭ್ಯಾಸ ನೋಡಲು ಹೋದೆ. ಸಂಗೀತ ಥಟ್ಟನೆ ಶುರುವಾಗುವುದರಿಂದ ಓಟಿಲಿಯಾ ಪ್ರತಿ ಸಲವೂ ಅರ್ಧ ಸೆಕೆಂಡು ತಡವಾಗಿ ಹೊರಡುತ್ತಿದ್ದಳು. ಮನೆಗೆ ಬಂದವನೇ, ಯಾರಿಗೂ ಹೇಳದೆ, ಕತ್ತರಿಸಿ ತೆಗೆದಿದ್ದ ಮೊದಲ ಎರಡು ಸೆಕೆಂಡನ್ನು ಮತ್ತೆ ಸೇರಿಸಿದೆ. ಡ್ರಮ್ ಕಡ್ಡಿಗಳ ಟಕ್ ಟಕ್, ಆಮೇಲೆ ಡ್ರಮ್. ಒಟ್ಟು ಎಂಬತ್ತೆಂಟು. ಹನ್ನೆರಡು ಸಲ ಕೇಳಿ ಪರೀಕ್ಷಿಸಿದೆ, ದೋಷವಿರಲಿಲ್ಲ. ಬೆಳಿಗ್ಗೆ ಸಂಗೀತದ ಮೇಜಿಗೆ ಅದನ್ನೇ ಕೊಟ್ಟೆ.

ಓಟಿಲಿಯಾ ಮೂಲೆಯಲ್ಲಿ ಕೈಯೆತ್ತಿ ನಿಂತಳು. ಧ್ವನಿವರ್ಧಕಗಳಿಂದ ನನ್ನ ಇಪ್ಪತ್ತೊಂದರ ಪ್ರಾಯದ ಗಂಟಲು ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಕೂಗಿತು: "ಒಂದು, ಎರಡು, ಮೂರು, ನಾಲ್ಕು."

ಡ್ರಮ್ ಬಾರಿಸುವವನಿಗೆ ಆ ಎಣಿಕೆ ಮಾತಲ್ಲ, ಕಡ್ಡಿಯ ಸದ್ದಿನದೇ ಒಂದು ಭಾಗ. ಹನ್ನೆರಡು ಸಲವೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ತೀರ್ಪುಗಾರರಿಗೆ ಒಂದೇ ಸಲಕ್ಕೆ ಬಿತ್ತು.

"ಅದು ನಿಮ್ಮ ದನಿ ಅಲ್ವಾ?" ವಿಯೊರಿಕಾ ನನ್ನ ಕಡೆ ತಿರುಗದೆ ಕೇಳಿದಳು.

"ಹಳೇದು."

"ಹಳೇದಾದ್ರೂ ಗುರುತು ಸಿಗತ್ತೆ. ಆಗ್ಲೂ ಬಾಯಿ ಮುಚ್ಚಿಕೊಂಡಿರೋಕೆ ಬರ್ತಿರ್ಲಿಲ್ಲ."

ಓಟಿಲಿಯಾ ಮಾತ್ರ ಸರಿಯಾದ ಕ್ಷಣಕ್ಕೆ ಹೊರಟಳು. ಅವಳು ಅಷ್ಟು ಎತ್ತರ ಹಾರಿದ್ದನ್ನು ನಾನು ಕಂಡಿರಲಿಲ್ಲ. ಕೊನೆಯ ಪಲ್ಟಿಗೆ ಜನ ನಿಜವಾಗಿಯೂ ಎದ್ದು ನಿಂತರು. ಅಂಕ ಬರುವವರೆಗೆ ನಾನು ಕೂರಲಿಲ್ಲ. ನಾಲ್ಕನೆಯ ಸ್ಥಾನ. ಐದನೆಯವಳಿಗಿಂತ ಐದು ಶತಾಂಶ ಮೇಲೆ.

ಓಟಿಲಿಯಾ ಅಂಕದ ಚೀಟಿಯನ್ನು ಎಲ್ಲರಿಗೂ ಓದಿದಳು. "ಗೆರೆ ದಾಟಿದ್ದು, ನಂದು: ಸೊನ್ನೆ ಪಾಯಿಂಟ್ ಒಂದು. ಮಾತಾಡಿದ್ದು, ಅಪ್ಪಂದು: ಪೂರ್ತಿ ಒಂದು. ಇವತ್ತು ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದ್ದು ನೆಲದ ಮೇಲೆ ಇಲ್ಲದೇ ಇದ್ದವನು."

ಕ್ಷಮೆ ಕೇಳೋಣವೆಂದು ಬಾಯಿ ತೆರೆದೆ. ಸಾಂಡಾ ಮೇಡಂ ಕೈ ಅಡ್ಡ ಹಿಡಿದರು.

"ಬೇಡ ಸರ್. ರಾಷ್ಟ್ರೀಯಕ್ಕೆ ಇನ್ನೂ ಆರು ವಾರ ಇದೆ. ಅಲ್ಲೀವರೆಗೆ ಒಂದು ಪದಾನೂ ಬೇಡ."