ನೂರು ಸಲ ನೋಡಿದ ಮ್ಯೂಸಿಯಂ

ಮರ್ಯಾದೆ ಹೋಗುವಂಥ ಪ್ರಸಂಗಗಳಿಗೆ ನನ್ನ ವಿಳಾಸ ಯಾರು ಕೊಟ್ಟರೋ ಗೊತ್ತಿಲ್ಲ, ತಪ್ಪದೆ ಹುಡುಕಿಕೊಂಡು ಬರುತ್ತವೆ. ಒಂದೇ ದಿನ ನಾಲ್ಕು ಬಂದಿದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಅರಸೀಕೆರೆಯಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ಪಾಠ ಮಾಡುವ ಟೀಚರ್ ನಾನು. ಹೊಯ್ಸಳರು ಬಾಯಿಪಾಠ. ಆದರೆ ಹಳೇಬೀಡಿನ ಮ್ಯೂಸಿಯಂ ಒಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಪ್ರವಾಸಕ್ಕೆ ಹೋದಾಗಲೆಲ್ಲ ಮಕ್ಕಳನ್ನು ಜೊತೆಯ ಮೇಷ್ಟ್ರ ಹಿಂದೆ ಒಳಗೆ ಕಳಿಸಿ, ಚೀಲ ಕಾಯುತ್ತೇನೆಂದು ಹೊರಗೆ ಮರದ ನೆರಳಲ್ಲಿ ಕೂರುತ್ತಿದ್ದೆ. ನಮ್ಮ ಬೀದಿಯಲ್ಲಿ ಮಾತ್ರ "ನೂರು ಸಲ ನೋಡಿದ್ದೀನಿ" ಎಂದು ಹೇಳಿಕೊಂಡಿದ್ದೆ.

ಹಾಗಿರುವಾಗ ಒಂದು ದಿನ, ಇವತ್ತು ಮ್ಯೂಸಿಯಂಗೆ ಟಿಕೆಟ್ ಇಲ್ಲದೆ ಬಿಡುತ್ತಾರಂತೆ ಎಂಬ ಸುದ್ದಿ ಬಂತು. ಪಕ್ಕದ ಮನೆಯ ಟೈಲರಮ್ಮ, ಎದುರು ಮನೆಯ ಹೂವಿನಕ್ಕ ಇಬ್ಬರೂ ಹೊರಟು ನಿಂತರು. "ಬಸ್ಸೂ ಪುಕ್ಕಟೆ, ಮ್ಯೂಸಿಯಮ್ಮೂ ಪುಕ್ಕಟೆ, ಹೇಳ್ಕೊಡೋಕೆ ನೀವೂ ಪುಕ್ಕಟೆ" ಎಂದಳು ಹೂವಿನಕ್ಕ. ಬರಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

೧. ಬೇಲೂರು ಟಿಕೆಟ್

ಬಸ್ಸು ಜಾವಗಲ್ ಕಡೆ ಹೊರಟಿತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ, "ಎಲ್ಲಿಗಮ್ಮಾ?" ಎಂದ.

"ಹಳೇಬೀಡಿಗೆ" ಎಂದಳು ಹೂವಿನಕ್ಕ. ಒಂದು ಕ್ಷಣ ಯೋಚನೆ ಮಾಡಿ, "ಬೇಲೂರಿಗೂ ಪ್ರೀನೇ ತಾನೇ? ಹಂಗಾದ್ರೆ ಬೇಲೂರಿಗೇ ಕೊಡಪ್ಪಾ. ಹಳೇಬೀಡಲ್ಲಿ ಇಳ್ಕಂತೀವಿ."

"ಅಷ್ಟು ದೂರದ್ದು ತಗೊಂಡು ಏನ್ ಮಾಡ್ತೀರಮ್ಮಾ?"

"ಪುಕ್ಕಟೆ ಬರೋದನ್ನ ಯಾಕ್ ಕಮ್ಮಿ ತಗಬೇಕು?"

ಇಡೀ ಬಸ್ಸು ತಿರುಗಿ ನೋಡಿತು. ನಾಚಿಕೆಯಿಂದ ನಾನು ಕಿಟಕಿ ಕಡೆ ಮುಖ ಮಾಡಿ, ಇವರು ಯಾರೋ ನಾನ್ಯಾರೋ ಎಂಬಂತೆ ತೆಂಗಿನ ತೋಟ ನೋಡುತ್ತ ಕೂತೆ. ಹಿಂದಿನ ಸೀಟಿನಿಂದ ಟೈಲರಮ್ಮ ಕೂಗಿದಳು: "ಟೀಚರ್, ನಿಮ್ಗೂ ಬೇಲೂರಿಗೇ ಇಸ್ಕಂಡಿದೀವಿ ಕಣ್ರೀ."

೨. ದೇವರಿರುವ ಜಾಗ

ಮ್ಯೂಸಿಯಂ ಬಾಗಿಲಲ್ಲಿ ಇಬ್ಬರೂ ನನ್ನ ಕಾಲನ್ನೇ ನೋಡುತ್ತ ನಿಂತರು. ಚಪ್ಪಲಿ ಬಿಡಬೇಕೋ ಬೇಡವೋ ನನಗೇನು ಗೊತ್ತು? ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಒಳಗಿರುವುದೆಲ್ಲ ದೇವರೇ ಅಲ್ಲವೇ ಎಂದು ಗಂಭೀರವಾಗಿ ಬಿಟ್ಟೆ. ಅವರೂ ಬಿಟ್ಟರು. ನಮ್ಮ ಹಿಂದೆ ಯಾವುದೋ ಶಾಲೆಯ ಮಕ್ಕಳ ಸಾಲು ಇತ್ತು. ಅವರೂ ಕೂತು ಶೂ ಬಿಚ್ಚತೊಡಗಿದರು. ಅವರ ಹಿಂದೆ ಬಂದ ದಂಪತಿಗಳೂ ಬಗ್ಗಿದರು.

ಕಾವಲುಗಾರ ಓಡಿ ಬಂದ. ಬಾಗಿಲು ತುಂಬ ಚಪ್ಪಲಿ, ಶೂ, ಕಾಲುಚೀಲ. "ಇಲ್ಲಿ ಬಿಡಂಗಿಲ್ಲ ರೀ. ಯಾರು ಹೇಳಿದ್ದು ನಿಮ್ಗೆ?"

ಮಕ್ಕಳೆಲ್ಲ ಒಟ್ಟಿಗೆ ನನ್ನತ್ತ ಕೈ ತೋರಿಸಿದರು. ಟೈಲರಮ್ಮ ನನ್ನ ಪರ ನಿಂತು, "ಅವರು ನೂರು ಸಲ ಬಂದಿದಾರಪ್ಪಾ, ಅವರಿಗೆ ಹೇಳ್ತೀಯಾ ನೀನು?" ಎಂದು ಅವನನ್ನೇ ದಬಾಯಿಸಿದಳು.

೩. ರಾಣಿಯ ಗಂಧ

ಒಳಗೆ ಮೂಲೆಯಲ್ಲೊಂದು ಕಲ್ಲಿನ ಹಲಗೆ, ಅದರ ತುಂಬ ಸಣ್ಣ ಸಣ್ಣ ಗುಳಿ. "ಇದೇನು ಟೀಚರ್?" ಎಂದಳು ಟೈಲರಮ್ಮ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ ಬಾಯಿ ಸುಮ್ಮನಿರಬೇಕಲ್ಲ?

"ರಾಣಿಯರು ಅಲಂಕಾರಕ್ಕೆ ಗಂಧ, ಅರಿಶಿನ, ಕುಂಕುಮ ಕಲಸೋಕೆ ಮಾಡಿಸಿದ್ದು" ಎಂದೆ. ಯಾವ ರಾಣಿ ಯಾವ ಗುಳಿಯಲ್ಲಿ ಏನು ಕಲಸುತ್ತಿದ್ದಳು ಎಂಬುದನ್ನೂ ಹೇಳಿದೆ. ಆ ಶಾಲೆಯ ಮಕ್ಕಳು ಸುತ್ತ ನಿಂತು ಪುಸ್ತಕ ತೆಗೆದರು.

ಹೂವಿನಕ್ಕ ಬೆರಳಲ್ಲಿ ಎಣಿಸುತ್ತಿದ್ದಳು. "ಈ ಕಡೆ ಏಳು, ಆ ಕಡೆ ಏಳು. ನಮ್ಮಜ್ಜಿ ಮನೇಲೂ ಮರದ್ದು ಇಂಥದ್ದೇ ಇತ್ತು. ಹುಣಸೆಬೀಜ ಹಾಕಿ ಆಡ್ತಿದ್ವಿ. ಇದು ಅಳಿಗುಳಿಮಣೆ ಅಲ್ವಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ಬಿಡದೆ, "ಎರಡಕ್ಕೂ ಬಳಸ್ತಿದ್ರು" ಎಂದೆ.

ಮುಂದೆ ನಿಂತಿದ್ದ ಹುಡುಗಿ ಪೆನ್ನು ಎತ್ತಿ ಕೇಳಿದಳು: "ಮಿಸ್, ಆಟ ಆಡೋಕೆ ಮುಂಚೆ ಕುಂಕುಮ ತೊಳೀತಿದ್ರಾ?"

೪. ಸೌತೇಕಾಯಿ

ಹೊರಗೆ ಬಂದಾಗ ಬದುಕಿದೆಯಾ ಬಡಜೀವವೇ ಎಂದುಕೊಂಡೆ. ನಾನು ಯಾವಾಗಲೂ ಕೂರುತ್ತಿದ್ದ ಮರದ ಕಡೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ನಡೆಯೋಣವೆಂದರೆ, ಸೌತೇಕಾಯಿ ಮಾರುವಾಕೆ ಅಲ್ಲಿಂದಲೇ ಕೂಗಿದಳು.

"ಏನ್ ಟೀಚರಮ್ಮಾ, ಇವತ್ತು ಒಳಕ್ಕೆ ಹೋಗಿದ್ರಾ? ಇಷ್ಟು ವರ್ಸದಾಗೆ ಇದೇ ಮೊದಲು ಅಲ್ವ್ರಾ?" ನನ್ನ ಗೆಳತಿಯರ ಕಡೆ ತಿರುಗಿ, ಬಹಳ ಪ್ರೀತಿಯಿಂದ ಹೇಳಿದಳು: "ಮಕ್ಕಳನ್ನ ಒಳಕ್ಕೆ ಕಳಿಸಿ ನನ್ ಪಕ್ಕದಾಗೇ ಕೂತ್ಕಂತಿದ್ರು. ಒಳಗೇನೈತೆ ಅಂತ ಕೇಳಿದ್ರೆ, ಯಾವನಿಗೆ ಗೊತ್ತು, ಇನ್ನೊಂದು ಸೌತೇಕಾಯಿ ಹೆಚ್ಚು ಅಂತಿದ್ರು."

ನನಗೆ ಅಳು ಬರುವಷ್ಟು ಅವಮಾನವಾಯಿತು. ಇವರಿಬ್ಬರು ನಗುತ್ತಾರೆಂಬ ಭಯಕ್ಕಿಂತ, ಎಷ್ಟೋ ಬ್ಯಾಚಿನ ಮಕ್ಕಳಿಗೆ ಕಣ್ಣಾರೆ ಕಂಡವಳ ಹಾಗೆ ಪಾಠ ಮಾಡಿದೆನಲ್ಲ ಎಂಬುದು ಹೆಚ್ಚು ಚುಚ್ಚಿತು. "ಹೌದು, ಸುಳ್ಳು ಹೇಳಿದ್ದೆ" ಎಂದೆ. ದನಿ ನನಗೇ ಕೇಳಿಸಲಿಲ್ಲ.

ಟೈಲರಮ್ಮ ನನ್ನ ಹೆಗಲಿನ ಚೀಲ ಬಿಡಿಸಿಕೊಂಡು ಮರದ ಕೆಳಗೆ ಕೂತಳು. ಹೂವಿನಕ್ಕ ಎರಡು ಸೌತೇಕಾಯಿಗೆ ಉಪ್ಪು ಖಾರ ಹಾಕಿಸಿದಳು. ನನಗೂ ಕೊಡುತ್ತಾಳೆಂದು ಕೈ ಚಾಚಿದೆ.

"ನಿಮಗಿಲ್ಲ. ಇವತ್ತು ಚೀಲ ನಾವ್ ಕಾಯ್ತೀವಿ" ಎಂದಳು. "ನೀವ್ ಒಳಕ್ಕೆ ಹೋಗಿ ಟೀಚರ್, ಈ ಸಲ ಬೋರ್ಡ್ ಓದ್ಕಂಡ್ ಬನ್ನಿ."